ಒಗ್ಗರಣೆಗೆ ಮುಂಚೆ ನಾಯಿಯ ಪಾಲು

ಯುಗಾದಿಯ ಬೆಳಿಗ್ಗೆ ದಾವಣಗೆರೆ ಕಡೆಯ ಹಲವು ಮನೆಗಳಲ್ಲಿ ಬೇವನ್ನು ತಿನ್ನುವುದಿಲ್ಲ, ಕುಡಿಯುತ್ತಾರೆ. ಹುರಿಗಡಲೆ ಹಿಟ್ಟು, ಬೆಲ್ಲ, ಬಾಳೆಹಣ್ಣು, ಗೋಡಂಬಿ, ಕೈತುಂಬ ಒಣದ್ರಾಕ್ಷಿ, ಹುಳಿಗೆ ಮಾವಿನಕಾಯಿ ಇಲ್ಲವೇ ಹುಣಸೆರಸ, ಮೇಲೆ ಒಂದಿಷ್ಟು ಬೇವಿನ ಹೂ. ದೇವರ ಮುಂದಿಟ್ಟು, ಮನೆಮಂದಿಗೆಲ್ಲ ಲೋಟಕ್ಕೆ ಹಾಕಿ ಕೊಟ್ಟ ಮೇಲೆ ಪಾತ್ರೆಯ ತಳದಲ್ಲಿ ಗಸಿ ಉಳಿಯುತ್ತದೆ. ಅದರಲ್ಲಿ ದ್ರಾಕ್ಷಿಯೇ ಹೆಚ್ಚು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ನಾಯಿ ಬಾಲ ಆಡಿಸುತ್ತ ನಿಂತಿರುತ್ತದೆ. "ಹಬ್ಬ ಅದಕ್ಕೂ ಬ್ಯಾಡ್ವಾ?" ಎಂದು ಆ ಗಸಿಯನ್ನು ಅದರ ತಟ್ಟೆಗೆ ಸುರಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಕೊಡುವವರ ಮನಸ್ಸಿನಲ್ಲಿ ಪ್ರೀತಿಗೆ ಕೊರತೆಯಿಲ್ಲ. ನಮ್ಮ ಊರುಗಳಲ್ಲಿ ಹಬ್ಬದ ದಿನ ಸಾಕುನಾಯಿಗೆ ಆಗುವ ಕೇಡು ಬಹುಪಾಲು ಅಸಡ್ಡೆಯಿಂದ ಆಗುವುದಲ್ಲ, ಅಕ್ಕರೆಯಿಂದ ಆಗುವುದು. ಆದ್ದರಿಂದಲೇ ಇದನ್ನು ಗದರಿಸಿ ಹೇಳಿ ಪ್ರಯೋಜನವಿಲ್ಲ. ನಾಯಿಗೆ ಹಬ್ಬದ ಪಾಲು ಬೇಡವೆಂದು ಹೇಳಲು ನಾನು ಹೊರಟಿಲ್ಲ. ಪಾಲು ಬೇಕು. ಆದರೆ ಅದನ್ನು ಕೊನೆಯಲ್ಲಿ ಉಳಿದದ್ದರಿಂದ ಕೊಡುವ ಬದಲು ಮೊದಲೇ ತೆಗೆದಿಡಬೇಕು. ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಖಾರ, ಎಣ್ಣೆ ಬೀಳುವ ಮುಂಚೆಯೇ ತೆಗೆದಿಡಬೇಕು. ಹೇಳಬೇಕಾದ ಮಾತು ಇಷ್ಟೇ. ಕಾರಣಗಳು ಮಾತ್ರ ಉದ್ದವಾಗಿವೆ.

ಮೊದಲು ದ್ರಾಕ್ಷಿಯ ವಿಷಯ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು ಎಂಬುದು ಪಶುವೈದ್ಯರಿಗೂ ಬಹಳ ಹಿಂದಿನಿಂದ ಗೊತ್ತಿದ್ದ ಸಂಗತಿಯಲ್ಲ. ಅಮೆರಿಕದ ಪ್ರಾಣಿ ವಿಷಚಿಕಿತ್ಸಾ ಕೇಂದ್ರವೊಂದಕ್ಕೆ ದೇಶದ ನಾನಾ ಕಡೆಯಿಂದ ಬಂದ ಕರೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಾಮ್ಯ ಕಣ್ಣಿಗೆ ಬಿತ್ತು. ಮೂತ್ರಪಿಂಡ ಸೋತು ಬಂದ ಆ ನಾಯಿಗಳೆಲ್ಲ ಅದಕ್ಕೆ ಮೊದಲು ದ್ರಾಕ್ಷಿಯನ್ನೋ ಒಣದ್ರಾಕ್ಷಿಯನ್ನೋ ತಿಂದಿದ್ದವು. 2001ರಲ್ಲಿ ಅಲ್ಲಿನ ಪಶುವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ದ್ರಾಕ್ಷಿಯೊಳಗಿನ ಯಾವ ವಸ್ತು ವಿಷ ಎಂಬುದು ಮುಂದಿನ 20 ವರ್ಷ ಬಗೆಹರಿಯಲಿಲ್ಲ. ಔಷಧ ಸಿಂಪಡಣೆಯ ಉಳಿಕೆ ಇರಬಹುದೇ, ಬೂಷ್ಟು ಇರಬಹುದೇ ಎಂದೆಲ್ಲ ಹುಡುಕಿದರು. 2021ರಲ್ಲಿ ದಾರಿ ಸಿಕ್ಕಿದ್ದು ದ್ರಾಕ್ಷಿಯನ್ನೇ ತಿನ್ನದ ಒಂದು ನಾಯಿಯಿಂದ. ಮಕ್ಕಳಿಗೆಂದು ಮನೆಯಲ್ಲೇ ಕಲಸಿದ ಆಟದ ಹಿಟ್ಟನ್ನು ಅದು ತಿಂದಿತ್ತು. ಲಕ್ಷಣಗಳೆಲ್ಲ ದ್ರಾಕ್ಷಿ ವಿಷದವೇ. ಆ ಹಿಟ್ಟಿಗೆ ಬೇಕರಿಯವರು ಬಳಸುವ 'ಕ್ರೀಮ್ ಆಫ್ ಟಾರ್ಟರ್' ಹಾಕಿದ್ದರು. ಅದು ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲಿಯೂ ಹೇರಳವಾಗಿರುವುದು ಟಾರ್ಟಾರಿಕ್ ಆಮ್ಲ. ವಿಷದ ಮೂಲ ಇದೇ ಇರಬೇಕೆಂದು ತಜ್ಞರು ಈಗ ಬಲವಾಗಿ ನಂಬುತ್ತಾರೆ.

ನಮ್ಮ ಅಡುಗೆಮನೆಗೆ ಈ ಸುದ್ದಿ ಬೇರೆ ದೇಶದವರಿಗಿಂತ ಹೆಚ್ಚು ಮುಖ್ಯ. ಹುಣಸೆಹಣ್ಣು ಹುಳಿಯಾಗಿರುವುದು ಮುಖ್ಯವಾಗಿ ಇದೇ ಆಮ್ಲದಿಂದ. ಹುಣಸೆ ತಿಂದು ಮೂತ್ರಪಿಂಡಕ್ಕೆ ಪೆಟ್ಟು ತಿಂದ ನಾಯಿಗಳ ಪ್ರಕರಣಗಳನ್ನೂ ಅದೇ ಸಂಶೋಧಕರು ಮುಂದೆ ವರದಿ ಮಾಡಿದರು. ತೆಳ್ಳನೆಯ ಸಾರಿನಲ್ಲಿ ಕದಡಿದ ಒಂದೆರಡು ಹನಿ ಹುಣಸೆ ಬೇರೆ, ಪುಳಿಯೋಗರೆ ಗೊಜ್ಜು, ಹುಣಸೆ ತೊಕ್ಕು, ಬಿಸಿಲಿಗೆ ಒಣಹಾಕಿದ ಹುಣಸೆ ಉಂಡೆ ಬೇರೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅಂಗಳದ ಚಾಪೆಯ ಮೇಲೆ ಹುಣಸೆ ಹರವುವ ಮನೆಗಳವರು ನಾಯಿಯನ್ನು ಅದರ ಹತ್ತಿರ ಬಿಡದಿರುವುದು ಒಳ್ಳೆಯದು.

ಎಷ್ಟು ತಿಂದರೆ ಅಪಾಯ? ಒಣದ್ರಾಕ್ಷಿಯಲ್ಲಿ ನಾಯಿಯ ತೂಕದ ಪ್ರತಿ ಕೆಜಿಗೆ 3 ಗ್ರಾಂ ಆಸುಪಾಸು ತಿಂದಲ್ಲೇ ತೊಂದರೆಯಾದ ದಾಖಲೆಗಳಿವೆ. 5 ಕೆಜಿಯ ಪೊಮೇರಿಯನ್‌ಗೆ ಅದು 15 ಗ್ರಾಂ, ಒಂದು ಸಣ್ಣ ಹಿಡಿ. ಬೇವಿನ ಪಾತ್ರೆಯ ತಳದಲ್ಲಿ, ಕೇಸರಿಬಾತಿನ ಬಾಣಲೆಯಲ್ಲಿ, ಶಾವಿಗೆ ಪಾಯಸದ ಕೊನೆಯ ಸೌಟಿನಲ್ಲಿ ಅಷ್ಟು ಸಿಕ್ಕೇ ಸಿಗುತ್ತದೆ. ಒಂದು ನಾಯಿ ತಿಂದು ಏನೂ ಆಗದೆ ಓಡಾಡಿಕೊಂಡಿರಬಹುದು, ಅಷ್ಟೇ ತೂಕದ ಇನ್ನೊಂದು ಮಲಗಿಬಿಡಬಹುದು. ಹಣ್ಣಿನಿಂದ ಹಣ್ಣಿಗೆ ಆಮ್ಲದ ಪ್ರಮಾಣ ಬದಲಾಗುವುದು ಇದಕ್ಕೆ ಒಂದು ಕಾರಣವಿರಬೇಕು. "ನಮ್ಮ ನಾಯಿ ಚಿಕ್ಕಂದಿನಿಂದ ತಿಂದಿದೆ, ಏನೂ ಆಗಿಲ್ಲ" ಎಂಬ ಮಾತು ಹುಟ್ಟುವುದೂ ಇಲ್ಲಿಯೇ. ಹೋದ ವರ್ಷ ಬದುಕಿದ್ದು ಈ ವರ್ಷಕ್ಕೆ ಭರವಸೆಯಲ್ಲ. ಮೊದಲ ದಿನ ವಾಂತಿ, ಮಂಕು, ಊಟದ ಕಡೆ ಮುಖ ತಿರುಗಿಸುವುದು. ಎರಡು ಮೂರು ದಿನದೊಳಗೆ ಮೂತ್ರ ಕಡಿಮೆಯಾಗಿ ಕೊನೆಗೆ ನಿಂತೇ ಹೋಗಬಹುದು. ಆ ಹಂತಕ್ಕೆ ಮುಟ್ಟಿದ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ.

ಈರುಳ್ಳಿಯದು ಇದಕ್ಕಿಂತ ನಿಧಾನದ ವಿಷ. ನಮ್ಮಲ್ಲಿ ಅದರ ಕಾಟ ದ್ರಾಕ್ಷಿಗಿಂತ ಹೆಚ್ಚು, ಏಕೆಂದರೆ ಈರುಳ್ಳಿಯಿಲ್ಲದ ಖಾರದ ತಿಂಡಿ ದಾವಣಗೆರೆಯಲ್ಲಿ ಹುಡುಕಬೇಕು. ಸಂಜೆ ಮಿರ್ಚಿ ಮಂಡಕ್ಕಿ ಗಾಡಿಯ ಹತ್ತಿರ ನಿಂತು ನೋಡಿ. ಭಟ್ಟಿಯಿಂದ ಬಂದ ಗರಿಗರಿ ಮಂಡಕ್ಕಿ, ಅದಕ್ಕೆ ಎಣ್ಣೆ, ಖಾರದಪುಡಿ, ಪುಟಾಣಿ ಹಿಟ್ಟು, ಉಪ್ಪು, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಟೊಮೆಟೊ, ಕೊತ್ತಂಬರಿ. ಕಾಗದದ ಮೇಲೆ ಸುರಿದು ಪಕ್ಕದಲ್ಲಿ ಎರಡು ಮಿರ್ಚಿ ಇಡುತ್ತಾರೆ. ತಿಂದವರು ಕೊನೆಗೆ ಕಾಗದ ಮಡಿಸಿ ಕೆಳಗಿಡುವಾಗ ಮಂಡಕ್ಕಿ ಮುಗಿದಿರುತ್ತದೆ. ಎಣ್ಣೆ ಹೀರಿದ ಕಾಗದಕ್ಕೆ ಈರುಳ್ಳಿ ಚೂರುಗಳೂ ಬಜ್ಜಿಯ ಮುರುಕೂ ಅಂಟಿಕೊಂಡಿರುತ್ತವೆ. ಗಾಡಿಯ ಚಕ್ರದ ಪಕ್ಕ ಕಾದು ಕೂತ ನಾಯಿ ಆ ಕಾಗದವನ್ನು ಮುಂಗಾಲಲ್ಲಿ ಒತ್ತಿ ಹಿಡಿದು, ಒಂದು ಚೂರನ್ನೂ ಬಿಡದೆ ನೆಕ್ಕುತ್ತದೆ. ಬರೀ ಮಂಡಕ್ಕಿಯನ್ನೇ ಒಂದು ಹಿಡಿ ಹಾಕಿದ್ದರೆ ಅದಕ್ಕೆ ಅಂಥ ತೊಂದರೆಯಿರಲಿಲ್ಲ.

ಈರುಳ್ಳಿ, ಬೆಳ್ಳುಳ್ಳಿಗಳ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಒಣಗಿದಷ್ಟೂ ಅದು ಸಾಂದ್ರವಾಗುತ್ತದೆ. ದೇಹತೂಕದ ಶೇ 0.5ರಷ್ಟು ಈರುಳ್ಳಿ ಒಂದೇ ಸಲಕ್ಕೆ ಹೊಟ್ಟೆಗೆ ಹೋದರೆ ಅಪಾಯದ ಗಡಿ ದಾಟಿದಂತೆ. 5 ಕೆಜಿಯ ನಾಯಿಗೆ 25 ಗ್ರಾಂ ಸಾಕು, ಒಂದು ಗಡ್ಡೆಯ ಕಾಲು ಭಾಗ. ಬೆಳ್ಳುಳ್ಳಿ ಇದಕ್ಕಿಂತ ಮೂರರಿಂದ ಐದು ಪಟ್ಟು ಬಿರುಸು. ಒಂದೇ ಸಲ ಹೆಚ್ಚು ತಿನ್ನಬೇಕೆಂದೂ ಇಲ್ಲ, ದಿನಾ ಸ್ವಲ್ಪ ಸ್ವಲ್ಪ ತಿಂದರೂ ಪರಿಣಾಮ ಒಂದೇ. ಈ ಕೊನೆಯ ಮಾತು ನಮ್ಮ ನಾಯಿಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಏಕೆಂದರೆ ನಾವು ಅವಕ್ಕೆ ಹಾಕುವುದು ಸಾರು ಕಲಸಿದ ಅನ್ನ. ಈರುಳ್ಳಿ ಚೂರನ್ನು ಆರಿಸಿ ಪಕ್ಕಕ್ಕಿಟ್ಟರೂ ಸಾರಿನೊಳಕ್ಕೆ ಇಳಿದ ರಸ ಅಲ್ಲೇ ಇರುತ್ತದೆ. ರುಬ್ಬಿದ ಮಸಾಲೆಯಲ್ಲಂತೂ ಆರಿಸುವುದಕ್ಕೆ ಏನೂ ಇರುವುದಿಲ್ಲ.

ತಿಂದ ದಿನ ಏನೂ ಕಾಣುವುದಿಲ್ಲ ಎಂಬುದು ಇದರ ಮೋಸ. ಮೂರನೆಯ ದಿನವೋ ಐದನೆಯ ದಿನವೋ ನಾಯಿ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತದೆ, ಮೂತ್ರ ಕೆಂಪಗೆ ಇಲ್ಲವೇ ಕಂದಾಗಿರುತ್ತದೆ. ಅಷ್ಟು ಹೊತ್ತಿಗೆ ಹಬ್ಬ ಮುಗಿದು, ಏನು ತಿಂದಿತ್ತೆಂಬುದೇ ಮನೆಯವರಿಗೆ ಮರೆತಿರುತ್ತದೆ. ನಾಯಿಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಒಸಡು ನೋಡುವುದನ್ನು ಎಲ್ಲ ಸಾಕಣೆದಾರರೂ ಕಲಿಯಬೇಕು. ಆರೋಗ್ಯವಾಗಿದ್ದಾಗ ಒಸಡು ತಿಳಿಗುಲಾಬಿ. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಬಿಟ್ಟ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಬಣ್ಣ ತುಂಬಿಕೊಳ್ಳುತ್ತದೆ. ರಕ್ತ ಕಡಿಮೆಯಾದ ನಾಯಿಯ ಒಸಡು ಬಿಳಿಚಿರುತ್ತದೆ, ಕೆಲವೊಮ್ಮೆ ಹಳದಿಗೆ ತಿರುಗಿರುತ್ತದೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅಂಥವಕ್ಕೆ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಬೇಕು. ಹಬ್ಬವಿಲ್ಲದ ದಿನಗಳಲ್ಲಿ ಇದನ್ನು ಅಭ್ಯಾಸ ಮಾಡಿಕೊಂಡರೆ ಬೇಕಾದ ದಿನ ವ್ಯತ್ಯಾಸ ಗೊತ್ತಾಗುತ್ತದೆ.

ಸಂಕ್ರಾಂತಿಗೆ ದಾವಣಗೆರೆಯ ಅರ್ಧ ಊರು ಹರಿಹರದ ಹೊಳೆದಂಡೆಯಲ್ಲಿರುತ್ತದೆ. ತುಂಗಭದ್ರೆಯಲ್ಲಿ ಮಿಂದು, ಹರಿಹರೇಶ್ವರನ ದರ್ಶನ ಮಾಡಿ, ಬುತ್ತಿ ಬಿಚ್ಚುತ್ತಾರೆ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರನ್ನ, ಪುಳಿಯೋಗರೆ. ಈ ಬುತ್ತಿಯಲ್ಲಿ ನಾಯಿಗೆ ಹಾಕಬಹುದಾದದ್ದು ರೊಟ್ಟಿ ಮತ್ತು ಒಗ್ಗರಣೆ ಹಾಕದ ಮೊಸರನ್ನ. ಚಟ್ನಿಪುಡಿಯಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿರುತ್ತಾರೆ, ಎಣ್ಣೆಗಾಯಿಯ ಮಸಾಲೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಎರಡೂ ಇರುತ್ತವೆ. ದಂಡೆಯ ನಾಯಿಗಳಿಗೆ ರೊಟ್ಟಿಯನ್ನು ಪಲ್ಯಕ್ಕೆ ಅದ್ದದೆ ಹಾಕಿ, ಅಷ್ಟೇ.

ಬಾಡೂಟದ ಹಬ್ಬಗಳ ಸಮಸ್ಯೆ ಬೇರೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಮನೆಮನೆಗೂ ನೆಂಟರು ತುಂಬಿರುತ್ತಾರೆ. ಬೀದಿಗೆ ಶಾಮಿಯಾನ ಹಾಕಿ ಪಂಕ್ತಿಯ ಮೇಲೆ ಪಂಕ್ತಿ ಬಡಿಸುತ್ತಾರೆ. ಹರಿಹರದಲ್ಲಿ ಊರಮ್ಮನ ಹಬ್ಬಕ್ಕೂ ಇದೇ ಸಡಗರ. ಬಕ್ರೀದ್ ಇರಲಿ, ಹಬ್ಬದ ಮಾರನೆಯ ದಿನದ ಕರಿ ಇರಲಿ, ಮಾಂಸದೂಟವೆಂದ ಮೇಲೆ ಮೂಳೆ ನಾಯಿಗೇ ಎಂಬುದು ಪ್ರಶ್ನೆಯೇ ಇಲ್ಲದ ರೂಢಿ. ಹಸಿ ಮೂಳೆಗೂ ಬೆಂದ ಮೂಳೆಗೂ ಇರುವ ಅಂತರ ಇಲ್ಲಿ ತಿಳಿಯಬೇಕು. ಕುಕ್ಕರಿನಲ್ಲಿ ಬೆಂದ ಮೂಳೆ ತನ್ನ ಜಿಗುಟು ಕಳೆದುಕೊಂಡು ಪೆಡಸಾಗುತ್ತದೆ. ನಾಯಿ ಕಚ್ಚಿದಾಗ ಅದು ಪುಡಿಯಾಗದೆ ಸೂಜಿಯಂತೆ ಉದ್ದುದ್ದ ಸೀಳುತ್ತದೆ. ಆ ಸೀಳು ಅನ್ನನಾಳದಲ್ಲಿ ಸಿಕ್ಕಬಹುದು, ಕರುಳನ್ನು ಚುಚ್ಚಬಹುದು. ಹೆಚ್ಚು ಮೂಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಅದು ಸುಣ್ಣದ ಗಟ್ಟಿಯಾಗಿ ಕಟ್ಟಿಕೊಂಡು, ಮಲ ಹೊರಬಾರದೆ ಒದ್ದಾಡುವುದೂ ಉಂಟು. ಕೋಳಿಯ ಕಾಲುಮೂಳೆ ಎಲ್ಲಕ್ಕಿಂತ ಕೆಟ್ಟದ್ದು. ಜೊತೆಗೆ ಮೂಳೆಗೆ ಅಂಟಿದ ಮಸಾಲೆಯಲ್ಲಿ ಮತ್ತೆ ಅದೇ ಈರುಳ್ಳಿ, ಬೆಳ್ಳುಳ್ಳಿ.

ಕೊಬ್ಬಿನ ಪೆಟ್ಟನ್ನು ಜನ ಬಹಳ ಹಗುರವಾಗಿ ಕಾಣುತ್ತಾರೆ. ಬೆಣ್ಣೆ ವಿಷವಲ್ಲ, ತುಪ್ಪ ವಿಷವಲ್ಲ. ಆದರೆ ದಿನವೂ ಅನ್ನ, ಮುದ್ದೆ, ರೊಟ್ಟಿ ತಿನ್ನುವ ನಾಯಿಗೆ ಒಂದೇ ದಿನ ತುಪ್ಪ ಸುರಿದ ಹೋಳಿಗೆ, ಬೆಣ್ಣೆದೋಸೆಯ ಅಂಚು, ಕರಿದ ಬಜ್ಜಿ, ಮಾಂಸದ ಚರ್ಬಿ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ವಯಸ್ಸಾದ, ಮೈಬಂದ ನಾಯಿಗಳಲ್ಲಿ ಇದು ಹೆಚ್ಚು. ಮತ್ತೆ ಮತ್ತೆ ವಾಂತಿ, ಮುಟ್ಟಿದರೆ ಹೊಟ್ಟೆ ಬಿಗಿಹಿಡಿಯುವುದು. ಇನ್ನೊಂದು ಗುರುತಿದೆ. ನಾಯಿ ಮುಂಗಾಲುಗಳನ್ನು ನೆಲಕ್ಕೆ ಚಾಚಿ ಎದೆ ತಗ್ಗಿಸಿ, ಹಿಂಭಾಗವನ್ನು ಎತ್ತಿ ಹಾಗೆಯೇ ನಿಂತುಬಿಡುತ್ತದೆ. ನಮಸ್ಕಾರ ಮಾಡುತ್ತಿದೆ, ಆಟಕ್ಕೆ ಕರೆಯುತ್ತಿದೆ ಎಂದು ಮನೆಯವರು ನಕ್ಕು ವಿಡಿಯೊ ಮಾಡಿಕೊಳ್ಳುತ್ತಾರೆ. ಆಟಕ್ಕೆ ಕರೆಯುವ ನಾಯಿಯ ಬಾಲ ಆಡುತ್ತದೆ, ಕಣ್ಣು ಹೊಳೆಯುತ್ತದೆ. ನೋವಿನ ನಾಯಿ ಮಂಕಾಗಿ ಅದೇ ಭಂಗಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತದೆ. ಹೊಟ್ಟೆನೋವನ್ನು ಅದು ಹೇಳಿಕೊಳ್ಳುವ ಬಗೆ ಅದು.

ದೀಪಾವಳಿಗೆ ಈಗ ಉಡುಗೊರೆ ಡಬ್ಬಗಳ ಕಾಲ. ಮಿಠಾಯಿ ಡಬ್ಬದ ಜಾಗದಲ್ಲಿ ಚಾಕೊಲೇಟ್ ಡಬ್ಬ ಬಂದಿದೆ. ಚಾಕೊಲೇಟ್‌ನಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನು ನಮ್ಮ ದೇಹ ಬೇಗ ಕರಗಿಸಿ ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲಿಕ್ಕೇ 17 ಗಂಟೆಗೂ ಹೆಚ್ಚು ಬೇಕು. ತೂಕದ ಕೆಜಿಗೆ 20 ಮಿಲಿಗ್ರಾಂ ಆದಾಗ ವಾಂತಿ, ಭೇದಿ, ಚಡಪಡಿಕೆ ಶುರು. 40 ದಾಟಿದರೆ ಹೃದಯದ ಬಡಿತ ತಪ್ಪುತ್ತದೆ, 60ರ ಆಸುಪಾಸಿಗೆ ಸೆಳವು. 100 ಗ್ರಾಂ ಹಾಲಿನ ಚಾಕೊಲೇಟ್‌ನಲ್ಲಿ ಹೆಚ್ಚುಕಡಿಮೆ 200 ಮಿಲಿಗ್ರಾಂ ಇರುತ್ತದೆ. ಅಂದರೆ ಒಂದು ದೊಡ್ಡ ಬಾರ್ ತಿಂದ 5 ಕೆಜಿ ನಾಯಿ ಆಗಲೇ 40 ಮುಟ್ಟಿರುತ್ತದೆ. ಕಪ್ಪು ಚಾಕೊಲೇಟ್‌ನಲ್ಲಿ ಇದರ ಎರಡು ಮೂರು ಪಟ್ಟು, ಕೋಕೋ ಪುಡಿಯಲ್ಲಿ ಇನ್ನೂ ಹೆಚ್ಚು. ಹಬ್ಬಕ್ಕೂ ಈ ವಿಷಕ್ಕೂ ಇರುವ ನಂಟನ್ನು ಬ್ರಿಟನ್‌ನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಲೆಕ್ಕಹಾಕಿ ತೋರಿಸಿದ್ದಾರೆ. 2012ರಿಂದ 2017ರವರೆಗೆ 229 ಪಶುಚಿಕಿತ್ಸಾಲಯಗಳ ದಾಖಲೆ ನೋಡಿದಾಗ, ನಾಯಿಗಳು ಚಾಕೊಲೇಟ್ ತಿಂದು ಬಂದ ಪ್ರಕರಣಗಳು ಕ್ರಿಸ್‌ಮಸ್ ಹೊತ್ತಿಗೆ ನಾಲ್ಕು ಪಟ್ಟು, ಈಸ್ಟರ್ ಹೊತ್ತಿಗೆ ಎರಡು ಪಟ್ಟು ಏರಿದ್ದವು. ನಮ್ಮಲ್ಲಿ ಅಂಥ ಲೆಕ್ಕ ಇಡುವ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು. ಯುಗಾದಿ, ದೀಪಾವಳಿ, ಜಾತ್ರೆಗಳ ವಾರದಲ್ಲಿ ಯಾವ ಕಾಯಿಲೆಗಳು ಬರುತ್ತವೆ ಎಂಬುದು ಗೊತ್ತಾದರೆ ಎಚ್ಚರಿಕೆ ಹೇಳುವುದು ಸುಲಭವಾಗುತ್ತದೆ.

ಮಧುಮೇಹಿಗಳಿಗೆಂದು ಮಾರುವ ಸಕ್ಕರೆರಹಿತ ತಿನಿಸುಗಳಲ್ಲಿ, ಚೂಯಿಂಗ್ ಗಮ್‌ನಲ್ಲಿ, ಕೆಲವು ಟೂತ್‌ಪೇಸ್ಟ್‌ಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಇದನ್ನು ತಿಂದ ನಾಯಿಯ ದೇಹ ಸಕ್ಕರೆಯೇ ಬಂತೆಂದು ಭ್ರಮಿಸಿ ಇನ್ಸುಲಿನ್ ಸುರಿಸುತ್ತದೆ. ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ, ಬೀಳುತ್ತದೆ. ಪ್ರಮಾಣ ಹೆಚ್ಚಾದರೆ ಯಕೃತ್ತೇ ಸೋಲುತ್ತದೆ. ಕೆಜಿಗೆ 0.1 ಗ್ರಾಂ ಸಾಕು. ಪೊಟ್ಟಣದ ಹಿಂದೆ ಸಿಹಿಕಾರಕ 967 ಎಂದಿದ್ದರೆ ಅದು ಇದೇ. ಎಲ್ಲ ಸಕ್ಕರೆರಹಿತ ಮಿಠಾಯಿಯಲ್ಲೂ ಇದು ಇರುವುದಿಲ್ಲ. ಆದರೆ ಓದದೆ ಕೊಡಬಾರದು.

ಹರಿಹರದ ಆರೋಗ್ಯಮಾತೆ ಬಸಿಲಿಕಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಎಲ್ಲ ಧರ್ಮದವರೂ ಹೋಗುತ್ತಾರೆ. ಡಿಸೆಂಬರ್‌ನಲ್ಲಿ ಅದರ ಸುತ್ತಲಿನ ಬೀದಿಗಳ ಮನೆಗಳಿಂದ ನೆರೆಹೊರೆಗೆ ಕೇಕ್ ಬರುತ್ತದೆ. ಆ ಪ್ಲಮ್ ಕೇಕ್ ನಾಯಿಯ ಮಟ್ಟಿಗೆ ಹಲವು ಅಪಾಯಗಳ ಮೂಟೆ. ಅದರಲ್ಲಿ ಒಣದ್ರಾಕ್ಷಿ ಇದೆ, ದ್ರಾಕ್ಷಿ ನೆನೆಸಿದ ರಮ್ ಇರಬಹುದು, ಬೆಣ್ಣೆಯಂತೂ ಇದ್ದೇ ಇದೆ. ಮಕ್ಕಳ ಕೈಯಿಂದ ಬೀಳುವ ತುಂಡನ್ನು ನಾಯಿಗಿಂತ ಮೊದಲು ನೀವು ಎತ್ತಿಕೊಳ್ಳಿ.

ಊಟವಾದ ಮೇಲಿನ ಎಲೆ ಅಡಿಕೆ ತಟ್ಟೆಯನ್ನೂ ನೆನಪಿಡಬೇಕು. ಚನ್ನಗಿರಿ ಸೀಮೆಯ ಅಡಿಕೆ ಈ ಜಿಲ್ಲೆಯ ಸಂಪತ್ತು, ಅಡಿಕೆಯಿಲ್ಲದ ಶುಭಕಾರ್ಯ ಇಲ್ಲಿಲ್ಲ. ಅಡಿಕೆಯ ಅರೆಕೊಲಿನ್ ಅನ್ನು ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳು ಬೀಳಿಸಲು ಪಶುವೈದ್ಯರೇ ಕೊಡುತ್ತಿದ್ದರು. ಕರುಳನ್ನು ಹಿಂಡುವಷ್ಟು ಬಿರುಸಾದ ಮದ್ದಾದ್ದರಿಂದ, ಮೇಲಾದ ಔಷಧಗಳು ಬಂದ ಮೇಲೆ ಕೈಬಿಟ್ಟರು. ಪುಟ್ಟ ನಾಯಿಮರಿ ಆಟಕ್ಕೆಂದು ಕಚ್ಚಿಕೊಂಡು ಹೋದ ಅಡಿಕೆಹೋಳು ಜೊಲ್ಲು, ವಾಂತಿ, ಭೇದಿ ತರಬಹುದು. ತಟ್ಟೆಯಲ್ಲಿ ಹೊಗೆಸೊಪ್ಪು ಇದ್ದರೆ ಅದರ ನಿಕೋಟಿನ್ ಇನ್ನೂ ಕೆಟ್ಟದ್ದು.

ಇಷ್ಟೆಲ್ಲ ಓದಿದವರು, ಹಾಗಾದರೆ ನಾಯಿಗೆ ಹಬ್ಬವೇ ಇಲ್ಲವೇ ಎಂದು ಕೇಳಬಹುದು. ಈ ಸೀಮೆಯಲ್ಲಿ ಹಾಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹರಿಹರದಿಂದ ಹೊಳೆ ದಾಟಿ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋದರೆ ಅಲ್ಲಿ ಮೈಲಾರಲಿಂಗನ ಗೊರವರಿದ್ದಾರೆ. ಕಂಬಳಿ ಹೊದ್ದ ಅವರು ದೇವರ ಮುಂದೆ ತಮ್ಮನ್ನು ಮೈಲಾರನ ನಾಯಿಗಳೆಂದೇ ಭಾವಿಸುತ್ತಾರೆ. ದೋಣಿ ಸೇವೆಯ ದಿನ ಹಾಲು, ಬಾಳೆಹಣ್ಣು ಮೊದಲಾದವನ್ನು ದೋಣಿಗೆ ತುಂಬಿದಾಗ ಬೊಗಳುತ್ತ, ಕೈ ಮುಟ್ಟಿಸದೆ ಬಾಯಿಂದಲೇ ಆ ಪ್ರಸಾದ ಉಣ್ಣುತ್ತಾರೆ. ನಾಯಿಯಾಗುವುದು ಅಲ್ಲಿ ಭಕ್ತಿಯ ಒಂದು ದಾರಿ. ಮೈಲಾರನ ಒಕ್ಕಲಿನ ಮನೆಗಳಲ್ಲಿ ನಾಯಿಗೆ ಹೊಡೆಯಲು ಕೈ ಎತ್ತುವವರು ಕಡಿಮೆ.

ಇನ್ನೂ ಹಿಂದೆ ಹೋದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದೆ. ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಇಮ್ಮಡಿ ಬೂತುಗನಿಂದ ಮಣಲೆರ ಎಂಬ ವೀರ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಅಲ್ಲಿನ ಗುಡಿಯ ಪೂಜಾರಿಯಾದ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಅವನಿಗೆ ಪಾಪ ಎಂದು ಶಾಸನ ಕಟ್ಟುಮಾಡುತ್ತದೆ. ಮೊದಲು ನಾಯಿಯ ನೆನಪಿಗೆ ಸಲ್ಲಬೇಕು, ಆಮೇಲೆ ಊಟ. ಸಾವಿರ ವರ್ಷಕ್ಕೂ ಹಿಂದಿನ ಈ ಕ್ರಮವನ್ನು ಬದುಕಿರುವ ನಾಯಿಯ ವಿಷಯದಲ್ಲಿ ನಮ್ಮ ಅಡುಗೆಮನೆಗೆ ತಂದುಕೊಳ್ಳುವುದು ಕಷ್ಟವೇನಲ್ಲ.

ಹೋಳಿಗೆಗೆ ಬೇಳೆ ಬೇಯಿಸುವಾಗಲೇ ಶುರುಮಾಡಬಹುದು. ತೊಗರಿಬೇಳೆಯೋ ಕಡಲೆಬೇಳೆಯೋ ಮೆತ್ತಗೆ ಬೆಂದು, ಬೆಲ್ಲ ಬೀಳುವ ಮುಂಚೆ ಒಂದು ಸೌಟು ತೆಗೆದು ಅನ್ನದೊಂದಿಗೆ ಹಿಸುಕಿದರೆ ನಾಯಿಯ ಹಬ್ಬದೂಟದ ಅರ್ಧ ಆಯಿತು. ಸಾರಿಗೆ ಖಾರ ಹಾಕುವ ಮೊದಲು ಬೆಂದ ಗಜ್ಜರಿ, ಕುಂಬಳಕಾಯಿಯ ನಾಲ್ಕು ಹೋಳು ಎತ್ತಿಡಿ. ಮಾಂಸದಡುಗೆಯ ದಿನ ಮಸಾಲೆಗೆ ಬೀಳುವ ಮುಂಚೆ, ಚರ್ಬಿಯಿಲ್ಲದ, ಮೂಳೆಯಿಲ್ಲದ ನಾಲ್ಕು ತುಂಡನ್ನು ಬೇರೆ ಚಿಕ್ಕ ಪಾತ್ರೆಯಲ್ಲಿ ಬರೀ ನೀರಿನಲ್ಲಿ ಬೇಯಿಸಿ, ಆ ನೀರನ್ನೇ ಅನ್ನಕ್ಕೋ ಮುದ್ದೆಗೋ ಕಲಸಿ. ಉಪ್ಪು ಬೇಕಿಲ್ಲ. ಬೇಯಿಸಿದ ಮೊಟ್ಟೆಯೂ ಆಗುತ್ತದೆ. ನಾಗರಪಂಚಮಿಯ ಉಂಡಿಗಳಲ್ಲಿ ಬೆಲ್ಲವೂ ಎಣ್ಣೆಕಾಳಿನ ಕೊಬ್ಬೂ ಹೆಚ್ಚು, ಉಗುರಿನಷ್ಟು ಚೂರು ಕೊಟ್ಟು ಸುಮ್ಮನಾಗಬೇಕು. ಮನೆಮಂದಿ ಎಲೆಯ ಮುಂದೆ ಕೂರುವ ಮೊದಲೇ ನಾಯಿಗೆ ಹೊಟ್ಟೆ ತುಂಬ ಉಣಿಸಿಬಿಟ್ಟರೆ ಪಂಕ್ತಿಯ ಸುತ್ತ ಅದು ಸುಳಿದಾಡುವುದೂ ಕಡಿಮೆ, ಯಾರೋ ಕನಿಕರಿಸಿ ಎಸೆಯುವುದೂ ಕಡಿಮೆ. ನಮ್ಮ ಮನೆಯ ನಾಯಿ ಹಬ್ಬದ ದಿನ ಮೊದಲ ಪಂಕ್ತಿಯ ಹೊತ್ತಿಗೆ ಉಂಡು ಮಲಗಿರುತ್ತದೆ.

ದಾವಣಗೆರೆಯ ಹೆಸರನ್ನು ದೇಶಕ್ಕೆ ತಿಳಿಸಿದ ನಾಯಿಗಳೂ ಇವೆ. ಜಿಲ್ಲಾ ಪೊಲೀಸರ ಡಾಬರ್‌ಮನ್ ತುಂಗಾ 2020ರ ಜುಲೈನಲ್ಲಿ ಕೊಲೆಗಾರನ ವಾಸನೆ ಹಿಡಿದು ಹತ್ತಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಆರೋಪಿಯನ್ನು ಪತ್ತೆಹಚ್ಚಿತು. ಅದರ ಉತ್ತರಾಧಿಕಾರಿ ತುಂಗಾ-2, 2024ರ ಜುಲೈನಲ್ಲಿ ಸಂತೇಬೆನ್ನೂರು ಕಡೆಯ ಪ್ರಕರಣದಲ್ಲಿ ಮಳೆಯ ರಾತ್ರಿ 8 ಕಿಲೋಮೀಟರ್ ಓಡಿ, ಆರೋಪಿಯನ್ನು ಹಿಡಿಸಿದ್ದಲ್ಲದೆ ಒಬ್ಬ ಮಹಿಳೆಯ ಜೀವವನ್ನೂ ಉಳಿಸಿತು. ಪೊಲೀಸ್ ನಾಯಿಗಳಿಗೆ ಅಪರಿಚಿತರ ಕೈಯಿಂದ ತಿನ್ನದಂತೆ, ನೆಲದಲ್ಲಿ ಬಿದ್ದದ್ದಕ್ಕೆ ಬಾಯಿ ಹಾಕದಂತೆ ಕಲಿಸುತ್ತಾರೆ. ಮನೆಯ ನಾಯಿಗೆ ಅಷ್ಟು ಶಿಸ್ತು ಬೇಕಿಲ್ಲ. "ಬಿಡು" ಎಂದರೆ ಬಾಯಲ್ಲಿರುವುದನ್ನು ಬಿಡುವಷ್ಟು ಕಲಿಸಿದರೂ ಒಂದಲ್ಲ ಒಂದು ಹಬ್ಬದಲ್ಲಿ ಅದು ಜೀವ ಉಳಿಸುತ್ತದೆ. ಕಲಿಸುವುದು ಮರಿಯಾಗಿದ್ದಾಗ ಸುಲಭ. ಬಿಟ್ಟದ್ದಕ್ಕೆ ಬದಲಾಗಿ ಅದಕ್ಕಿಂತ ರುಚಿಯಾದ ಒಂದು ತುಣುಕು ಕೊಟ್ಟರೆ ಸಾಕು.

ತಿಂದೇಬಿಟ್ಟರೆ? ಮೊದಲ ಎರಡು ಗಂಟೆ ಬಹಳ ಬೆಲೆಯವು. ವಸ್ತು ಇನ್ನೂ ಹೊಟ್ಟೆಯಲ್ಲಿರುವಾಗ ವೈದ್ಯರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಲ್ಲರು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಉಪಾಯ ಹಳ್ಳಿ ಪೇಟೆ ಎರಡರಲ್ಲೂ ಬಳಕೆಯಲ್ಲಿದೆ, ದಯವಿಟ್ಟು ಮಾಡಬೇಡಿ. ಉಪ್ಪು ರಕ್ತಕ್ಕೇರಿ ಮಿದುಳಿಗೆ ಪೆಟ್ಟಾಗುತ್ತದೆ. ವಾಂತಿ ಮಾಡಿಸಲು ಹುಣಸೆನೀರೂ ಬೇಡ, ಏಕೆಂದು ಆಗಲೇ ಹೇಳಿದೆ. ಚೂಪಾದ ಮೂಳೆ ನುಂಗಿದ್ದರೆ ವಾಂತಿ ಮಾಡಿಸಲೇಬಾರದು, ಬರುವಾಗ ಅದು ಮತ್ತೊಮ್ಮೆ ಸೀಳುತ್ತದೆ. ಆಸ್ಪತ್ರೆಗೆ ಹೊರಡುವಾಗ ಚಾಕೊಲೇಟಿನ ಕಾಗದ, ತಿಂಡಿಯ ಡಬ್ಬ, ಉಳಿದ ತುಂಡು ಜೊತೆಗಿರಲಿ. ಏನು ತಿಂದಿತು, ಅಂದಾಜು ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿದ್ಧವಿದ್ದರೆ ವೈದ್ಯರ ಕೆಲಸ ಅರ್ಧ ಹಗುರ. ದ್ರಾಕ್ಷಿ ತಿಂದ ನಾಯಿಗೆ ಲಕ್ಷಣ ಕಾಣುವ ಮುಂಚೆಯೇ ಎರಡು ಮೂರು ದಿನ ಡ್ರಿಪ್ ಹಾಕಬೇಕಾಗಬಹುದು. "ಚೆನ್ನಾಗೇ ಇದೆಯಲ್ಲ" ಎಂದು ನಡುವೆ ಬಿಡಿಸಿಕೊಂಡು ಬರಬಾರದು.

ಹಬ್ಬದ ದಿನ ಪಶು ಆಸ್ಪತ್ರೆಗೆ ರಜೆ ಇರಬಹುದು, ಖಾಸಗಿ ವೈದ್ಯರು ಊರಿಗೆ ಹೋಗಿರಬಹುದು. ಹಬ್ಬಕ್ಕೆ ಒಂದು ವಾರ ಮೊದಲೇ ದಾವಣಗೆರೆಯ ಇಬ್ಬರು ವೈದ್ಯರ ನಂಬರು ಬರೆದಿಟ್ಟುಕೊಂಡು, ಆ ದಿನ ಊರಲ್ಲಿ ಇರುತ್ತೀರಾ ಎಂದು ಕೇಳಿಡುವುದು ಒಳ್ಳೆಯದು. ಹರಿಹರದವರಿಗೆ ದಾವಣಗೆರೆ ಅರ್ಧ ಗಂಟೆಯ ದಾರಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಎರಡು ಗಂಟೆಯ ಪ್ರಯಾಣ. 1962 ಪಶು ಸಂಜೀವಿನಿಯ ಸಹಾಯವಾಣಿ. ಅದು ಮುಖ್ಯವಾಗಿ ದನಕರುಗಳಿಗಾಗಿ ಹುಟ್ಟಿದ ಸೇವೆಯಾದರೂ ಯಾವ ಆಸ್ಪತ್ರೆ ತೆರೆದಿದೆ ಎಂದು ಕೇಳಲು ಕರೆ ಮಾಡಿ ನೋಡಬಹುದು.

ಇನ್ನು ನಮ್ಮ ಮನೆಯದಲ್ಲದ ನಾಯಿಗಳು. ಜಾತ್ರೆಯ ಮಾರನೆಯ ಬೆಳಿಗ್ಗೆ ಹಳೇ ದಾವಣಗೆರೆಯ ಯಾವ ತಿರುವಿನಲ್ಲಿ ನೋಡಿದರೂ ಗಂಟು ಕಟ್ಟಿದ ಪ್ಲಾಸ್ಟಿಕ್ ಕವರುಗಳು ಬಿದ್ದಿರುತ್ತವೆ. ಒಳಗೆ ಅನ್ನ, ಸಾರು, ಮೂಳೆ, ಈರುಳ್ಳಿ ಸಿಪ್ಪೆ ಎಲ್ಲ ಒಟ್ಟಿಗೆ. ನಾಯಿ ಕವರು ಹರಿದು ತಿನ್ನುವಾಗ ಎಣ್ಣೆ ಹತ್ತಿದ ಪ್ಲಾಸ್ಟಿಕ್ಕೂ ಹೊಟ್ಟೆಗೆ ಹೋಗುತ್ತದೆ, ಹಸುಗಳಿಗೂ ಅದೇ ಗತಿ. ಆ ನಾಯಿಗಳ ಒಸಡು ನೋಡುವವರಿಲ್ಲ, ಡ್ರಿಪ್ ಹಾಕಿಸುವವರಿಲ್ಲ. ಮೂಳೆ, ಸಿಪ್ಪೆಗಳನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿಟ್ಟು ಪಾಲಿಕೆಯ ಗಾಡಿ ಬಂದಾಗಲೇ ಹಾಕಬೇಕು. ಬೀದಿಯ ನಾಯಿಗೆ ಹಾಕುವ ಮನಸ್ಸಿದ್ದರೆ ಸಾರು ಸೋಕದ ಅನ್ನವನ್ನೋ ರೊಟ್ಟಿಯನ್ನೋ ಒಂದು ಬಾಳೆಲೆಯ ಚೂರಿನ ಮೇಲೆ, ಜನ ಓಡಾಡದ ಮೂಲೆಯಲ್ಲಿಟ್ಟು, ಪಕ್ಕದಲ್ಲಿ ನೀರಿಡಿ. ಮನೆಗೆ ಬಂದ ನೆಂಟರಿಗೂ, ಪಂಕ್ತಿ ಬಡಿಸುವ ಹುಡುಗರಿಗೂ ಬೆಳಿಗ್ಗೆಯೇ ಬಾಯಿಬಿಟ್ಟು ಹೇಳಿಬಿಡಿ: "ನಾಯಿಗೆ ಯಾರೂ ಏನೂ ಹಾಕ್ಬ್ಯಾಡ್ರಿ, ಅದರ ಊಟ ಆಗಿದೆ."